ಕಲ್ಲಿನ ಗೋಡೆ, ಹೆಂಚಿನ ಸೂರು: ಚಿಕ್ಕಬಳ್ಳಾಪುರ ಹಾದಿಯ ಹಳೇ ಸ್ಟೇಷನ್‌ಗಳು

ಜಯಪ್ರಕಾಶ ನಗರದ ಬಳಿಯ ನಮ್ಮ ಪುಟ್ಟೇನಹಳ್ಳಿಗೆ ರೈಲು ಬಂದದ್ದೇ ಇಲ್ಲ. ಊರಿಗೆ ಹೋಗುವವರು ಟ್ರಂಕು, ಹಾಸಿಗೆ ಸುರುಳಿ ಹೊತ್ತು ಮೆಜೆಸ್ಟಿಕ್ ಸೇರಬೇಕಿತ್ತು. 2017ರ ಜೂನ್‌ನಲ್ಲಿ ಯಲಚೇನಹಳ್ಳಿಯವರೆಗೆ ಮೆಟ್ರೊ ಬಂದ ಮೇಲೆ ಆ ಪಾಡು ತಪ್ಪಿತು. ಆದರೆ ಬೆಂಗಳೂರಿನಲ್ಲಿ ಇನ್ನೊಂದು ಪುಟ್ಟೇನಹಳ್ಳಿ ಇದೆ, ಯಲಹಂಕದ ಮಗ್ಗುಲಲ್ಲಿ. ಅಲ್ಲೂ ಒಂದು ಕೆರೆ, ಅಲ್ಲೂ ಹಕ್ಕಿಗಳು. ಆಟೊದವರು ಎರಡನ್ನೂ ಅದಲುಬದಲು ಮಾಡುವುದು ಇಲ್ಲಿಯವರಿಗೆಲ್ಲ ಗೊತ್ತು. ಆ ಪುಟ್ಟೇನಹಳ್ಳಿಯ ಹತ್ತಿರದ ಯಲಹಂಕ ಜಂಕ್ಷನ್ನಿನಿಂದ ಕವಲೊಡೆದು ದೇವನಹಳ್ಳಿಯ ಮೇಲೆ ಚಿಕ್ಕಬಳ್ಳಾಪುರಕ್ಕೆ ಹೋಗುವ ಹಳಿಯೊಂದಿದೆ. ಈ ಸ್ಮರಣ ಸಂಚಿಕೆಗೆ ನಾಡಿನ ಹಳೆಯ ಸಾರ್ವಜನಿಕ ಕಟ್ಟಡವೊಂದರ ಚರಿತ್ರೆ ಬರೆದುಕೊಡಿ ಎಂದು ಕೇಳಿದಾಗ ನನ್ನ ಮನಸ್ಸಿಗೆ ಬಂದದ್ದು ಅರಮನೆಯಲ್ಲ, ಅಠಾರಾ ಕಚೇರಿಯೂ ಅಲ್ಲ. ಆ ಹಳಿಯ ಪಕ್ಕದ ನಾಲ್ಕು ಸಣ್ಣ ಕಟ್ಟಡಗಳು: ದೊಡ್ಡಜಾಲ, ದೇವನಹಳ್ಳಿ, ಆವತಿಹಳ್ಳಿ, ನಂದಿ ಹಾಲ್ಟ್.

ಇವು ನೂರು ವರ್ಷ ದಾಟಿದ ಸ್ಟೇಷನ್‌ಗಳು. ಗುಮ್ಮಟವಿಲ್ಲ, ಗಡಿಯಾರದ ಗೋಪುರವಿಲ್ಲ. ಹೀಗಾಗಿ ರೈಲ್ವೆ ವಾಸ್ತುಶಿಲ್ಪದ ಮಾತು ಬಂದಾಗ ಇವನ್ನು ಯಾರೂ ಎತ್ತುವುದಿಲ್ಲ. ನನ್ನ ಮಟ್ಟಿಗೆ ಮೈಸೂರು ಸಂಸ್ಥಾನದ ರೈಲಿನ ನಿಜವಾದ ಚರಿತ್ರೆ ಇರುವುದು ಇಂಥ ಕಟ್ಟಡಗಳಲ್ಲೇ. ಅದನ್ನು ವಿವರಿಸಲು ಸ್ವಲ್ಪ ಹಿಂದಕ್ಕೆ ಹೋಗಬೇಕು.

ಬೆಂಗಳೂರಿಗೆ ಮೊದಲ ರೈಲು ಬಂದದ್ದು 1864ರಲ್ಲಿ, ಜೋಲಾರಪೇಟೆಯ ಕಡೆಯಿಂದ ದಂಡು ಪ್ರದೇಶಕ್ಕೆ. ಅದು ಮದ್ರಾಸ್ ರೈಲ್ವೆ ಕಂಪನಿಯದು. ಸಂಸ್ಥಾನ ತಾನೇ ಹಣ ಹಾಕಿ ಕಟ್ಟಿಸಿದ ಮೊದಲ ಹಳಿ ಬೆಂಗಳೂರು–ಮೈಸೂರಿನದು. ಅದರ ಹಿಂದಿರುವುದು 1876–78ರ ಮಹಾಕ್ಷಾಮ. ಸಂಸ್ಥಾನದ ಐದರಲ್ಲೊಂದು ಪಾಲು ಜನ ಆ ಎರಡು ವರ್ಷದಲ್ಲಿ ಇಲ್ಲವಾದರೆಂದು ಲೆಕ್ಕ. ಮದ್ರಾಸಿನಿಂದ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದ ಧಾನ್ಯ ಅಲ್ಲಿಂದಾಚೆ ಗಾಡಿ ಎಳೆಯಲು ಎತ್ತಿಲ್ಲದೆ ನಿಂತಿತು, ಎತ್ತುಗಳಿಗೂ ಮೇವಿರಲಿಲ್ಲ. ಕ್ಷಾಮ ಪರಿಹಾರದ ಕೆಲಸವಾಗಿ ಜನರಿಂದ ಮಣ್ಣು ಹೊರಿಸಿ ಹಳಿಯ ದಿಬ್ಬ ಹಾಕಿಸಲಾಯಿತು. 1881ರಲ್ಲಿ ಆಳ್ವಿಕೆ ಮತ್ತೆ ಒಡೆಯರ ಕೈಗೆ ಬಂತು, 1882ರಲ್ಲಿ ರೈಲು ಮೈಸೂರು ಮುಟ್ಟಿತು. ರಂಗಾಚಾರ್ಲು ಅವರು ದಿವಾನರಾಗಿದ್ದ ಕಾಲ ಅದು.

ಕ್ಷಾಮದ ಸಾಲವೇ ತೀರದಿದ್ದ ಸಂಸ್ಥಾನ ಹಳಿಯನ್ನು ಹರಿಹರದವರೆಗೆ ಒಯ್ಯಬೇಕೆಂದು ಹೊರಟಾಗ ಬೊಕ್ಕಸದಲ್ಲಿ ದುಡ್ಡಿರಲಿಲ್ಲ. 1886ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಗೆ ಇದ್ದ ಹಳಿಯನ್ನೇ ಒಪ್ಪಿಸಿ, ಆ ಕಂಪನಿ ಲಂಡನ್ನಿನಲ್ಲಿ ಎತ್ತಿದ ಸಾಲದಿಂದ ಮುಂದಿನ ಹಾದಿ ಕಟ್ಟಿಸಲಾಯಿತು. ಒಟ್ಟಿನಲ್ಲಿ ಹಳಿ ನಮ್ಮದು, ಗಾಡಿ ಓಡಿಸುವವರು ಬೇರೆಯವರು. ಈ ಸ್ಥಿತಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ನಡೆಯಿತು. ಸಂಸ್ಥಾನ ತನ್ನ ಮುಖ್ಯ ಹಳಿಗಳ ಆಡಳಿತವನ್ನು ತಾನೇ ವಹಿಸಿಕೊಂಡದ್ದು 1919ರಲ್ಲಿ.

ಈ ನಡುವೆ, ಕಂಪನಿಯ ಮುಲಾಜಿಲ್ಲದೆ, ಸಣ್ಣ ಹಳಿಗಳನ್ನಾದರೂ ನಾವೇ ಹಾಕೋಣ ಎಂಬ ಛಲ ಹುಟ್ಟಿತು. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು ಅದಕ್ಕೆ ಬೆನ್ನೆಲುಬು. ಕೋಲಾರದ ಜಿಲ್ಲಾ ಬೋರ್ಡು ಬೌರಿಂಗ್‌ಪೇಟೆಯಿಂದ, ಎಂದರೆ ಇಂದಿನ ಬಂಗಾರಪೇಟೆಯಿಂದ, ಕೋಲಾರಕ್ಕೆ ಎರಡೂವರೆ ಅಡಿ ಅಗಲದ ಕಿರುಹಳಿ ಹಾಕಿಸಿತು. ಇತ್ತ ಬೆಂಗಳೂರು–ಚಿಕ್ಕಬಳ್ಳಾಪುರ ಲೈಟ್ ರೈಲ್ವೆ ಎಂಬ ಕಂಪನಿ ಹುಟ್ಟಿ 1915ರಲ್ಲಿ ಅದೇ ಅಳತೆಯ ಹಳಿಯ ಮೇಲೆ ಗಾಡಿ ಓಡಿಸಿತು. ಮುಂದೆ ಎರಡೂ ಕೂಡಿಕೊಂಡು ಯಲಹಂಕದಿಂದ ಕೋಲಾರದ ಮೇಲೆ ಬಂಗಾರಪೇಟೆಯವರೆಗೆ ಒಂದೇ ಸುತ್ತು ಹಾದಿಯಾಯಿತು. ಎರಡೂವರೆ ಅಡಿ ಎಂದರೆ 762 ಮಿಲಿಮೀಟರು. ಇಂದಿನ ಬ್ರಾಡ್‌ಗೇಜ್ 1,676. ಅರ್ಧಕ್ಕೂ ಕಡಿಮೆ. ಅದಕ್ಕೆ ತಕ್ಕ ಗಿಡ್ಡ ಎಂಜಿನ್, ಗಿಡ್ಡ ಡಬ್ಬಿ. ಆಲೂಗೆಡ್ಡೆ, ರೇಷ್ಮೆಗೂಡು, ಸಂತೆಗೆ ಹೊರಟವರು, ಕೋರ್ಟಿಗೆ ಹೊರಟವರು, ಮದುವೆ ದಿಬ್ಬಣ, ಎಲ್ಲಕ್ಕೂ ಅದೇ ಗಾಡಿ. ಬಯಲುಸೀಮೆಯ ಈ ಮೂಲೆಯಲ್ಲಿ ದೋಣಿ ನಡೆಯುವಂಥ ನದಿಯಿಲ್ಲ, ಬಂದರಿಲ್ಲ. ಬೆಂಗಳೂರಿನ ಪೇಟೆಗೆ ಬೆಳೆ ಸಾಗಿಸಲು ಇದ್ದದ್ದು ಗಾಡಿದಾರಿ ಮಾತ್ರ. ಅಂಥ ಊರುಗಳಿಗೆ ಈ ಹಳಿ ಎಷ್ಟು ದೊಡ್ಡದಾಗಿತ್ತೆಂಬುದನ್ನು ಗೇಜಿನ ಅಳತೆಯಿಂದ ಅಳೆಯಬಾರದು.

ವಿಶ್ವೇಶ್ವರಯ್ಯನವರ ಹುಟ್ಟೂರು ಮುದ್ದೇನಹಳ್ಳಿ ಇದೇ ನಂದಿಬೆಟ್ಟದ ಸೀಮೆಯದು. ದಿವಾನರಾಗುವುದಕ್ಕೆ ಬಹಳ ಮೊದಲು, 1898ರಲ್ಲಿ, ಬೊಂಬಾಯಿ ಪ್ರಾಂತ್ಯದಲ್ಲಿ ಎಂಜಿನಿಯರಾಗಿದ್ದಾಗ, ಅವರು ಜಪಾನಿಗೆ ಹೋಗಿಬಂದಿದ್ದರು. ಅಲ್ಲಿನ ಶಾಲೆಗಳನ್ನೂ ಕಾರ್ಖಾನೆಗಳನ್ನೂ ಕಣ್ಣಾರೆ ಕಂಡ ಪ್ರಭಾವ ಅವರನ್ನು ಕೊನೆಯವರೆಗೂ ಬಿಡಲಿಲ್ಲ. ಪಶ್ಚಿಮದ ವಿದ್ಯೆಯನ್ನು ತಂದುಕೊಂಡು ತನ್ನತನ ಬಿಡದೆ ಬೆಳೆಯುವುದು ಏಷ್ಯಾದ ದೇಶವೊಂದಕ್ಕೆ ಸಾಧ್ಯ ಎಂಬುದಕ್ಕೆ ಅವರು ಬರಹದಲ್ಲೂ ಭಾಷಣದಲ್ಲೂ ಮತ್ತೆಮತ್ತೆ ಜಪಾನಿನ ಉದಾಹರಣೆಯನ್ನೇ ಕೊಟ್ಟರು. ಕಾಲದ ಹೊಂದಿಕೆಯೂ ನೋಡುವಂತಿದೆ: ಟೋಕಿಯೊದ ಕೆಂಪು ಇಟ್ಟಿಗೆಯ ದೊಡ್ಡ ನಿಲ್ದಾಣ ಬಾಗಿಲು ತೆರೆದದ್ದು 1914ರ ಡಿಸೆಂಬರಿನಲ್ಲಿ, ಮರುವರ್ಷ ಚಿಕ್ಕಬಳ್ಳಾಪುರದ ಕಿರುಹಳಿ.

ಜಪಾನಿನ ಮಾತು ಬಂದದ್ದರಿಂದ ಅಲ್ಲಿನ ಎರಡು ನಿಲ್ದಾಣಗಳನ್ನು ಹೇಳಿಬಿಡುತ್ತೇನೆ, ಮುಂದೆ ಬೇಕಾಗುತ್ತದೆ. ಇಜುಮೊ ಎಂಬ ಪುಣ್ಯಕ್ಷೇತ್ರದ ಯಾತ್ರಿಕರಿಗಾಗಿ 1924ರಲ್ಲಿ ಕಟ್ಟಿದ ತೈಶಾ ನಿಲ್ದಾಣ ಹೊರಗಿನಿಂದ ದೇಗುಲದ ಹಾಗಿದೆ: ಮರದ ಚೌಕಟ್ಟು, ಕಪ್ಪು ಹೆಂಚಿನ ಅಗಲವಾದ ಸೂರು. ಒಳಗೆ ಕಾಲಿಟ್ಟರೆ ಎತ್ತರದ ಚಾವಣಿ, ತೂಗುದೀಪ, ಟಿಕೆಟ್ ಕಟ್ಟೆ. ಯುರೋಪಿನ ರೈಲ್ವೆಯ ಶಿಸ್ತು ದೇಗುಲದ ಸೂರಿನಡಿಯಲ್ಲಿ ನಡೆಯುತ್ತಿತ್ತು. 1990ರಲ್ಲಿ ಹಳಿಯೇ ನಿಂತುಹೋದರೂ ಕಟ್ಟಡವನ್ನು ಕೆಡವಲಿಲ್ಲ. ಎರಡನೆಯದು ನಾರಾ ನಗರದ ಹಳೆಯ ನಿಲ್ದಾಣ, 1934ರದು. ಕಾಂಕ್ರೀಟಿನ ಪಾಶ್ಚಾತ್ಯ ಮಾದರಿಯ ಒಡಲು, ಅದರ ನೆತ್ತಿಯ ಮೇಲೆ ಬೌದ್ಧ ದೇವಾಲಯದ ಇಳಿಜಾರು ಸೂರು ಮತ್ತು ಕಳಸ.

ನಮ್ಮಲ್ಲಿ ಇಂಥ ಬೆರಕೆ ಎಂದರೆ ಥಟ್ಟನೆ ನೆನಪಾಗುವುದು ಇಂಡೋ-ಸಾರ್ಸೆನಿಕ್ ಶೈಲಿ. ಮೈಸೂರು ಅರಮನೆಯ ನಕ್ಷೆ ಬರೆದ ಹೆನ್ರಿ ಇರ್ವಿನ್ ಅವರೇ ಮದ್ರಾಸಿನ ಎಗ್ಮೋರ್ ನಿಲ್ದಾಣದ ನಕ್ಷೆಯನ್ನೂ ಬರೆದರು. 1908ರಲ್ಲಿ ಅದು ತೆರೆಯಿತು. ಬೊಂಬಾಯಿಯ ವಿಕ್ಟೋರಿಯಾ ಟರ್ಮಿನಸ್ ಅದಕ್ಕೂ ಹಳೆಯದು, ಅದಕ್ಕಿಂತಲೂ ಭಾರಿಯದು. ಎರಡೂ ಕಣ್ಣು ತುಂಬುವ ಕಟ್ಟಡಗಳು, ಸಂದೇಹವಿಲ್ಲ. ಆದರೆ ಅಲ್ಲಿ ಬೆರಕೆ ನಡೆದದ್ದು ನಕ್ಷೆ ಬರೆಯುವ ಮೇಜಿನ ಮೇಲೆ. ಇಲ್ಲೊಂದು ಗುಮ್ಮಟ ಇರಲಿ, ಅಲ್ಲೊಂದು ಕಮಾನು ಇರಲಿ ಎಂದು ಒಬ್ಬ ವಾಸ್ತುಶಿಲ್ಪಿ ಆರಿಸಿ ಇಟ್ಟದ್ದು. ಚಿಕ್ಕಬಳ್ಳಾಪುರ ಹಾದಿಯ ಸ್ಟೇಷನ್‌ಗಳಲ್ಲಿ ಬೆರಕೆ ಇರುವುದು ಅಲಂಕಾರದಲ್ಲಲ್ಲ. ಗೋಡೆ ಎಬ್ಬಿಸಿದ ರೀತಿಯಲ್ಲಿ, ಸೂರು ಹೊದಿಸಿದ ರೀತಿಯಲ್ಲಿ.

ನಕ್ಷೆ ಹೊರಗಿನದು. ಪ್ಲಾಟ್‌ಫಾರ್ಮಿಗೆ ಮುಖ ಮಾಡಿದ ಉದ್ದನೆಯ ಕಟ್ಟಡ, ಸ್ಟೇಷನ್ ಮಾಸ್ಟರ ಕೋಣೆ, ಟಿಕೆಟ್ ಕಿಟಕಿ, ಗಾಡಿ ಬರುವವರೆಗೆ ಜನ ಕೂರಲು ನೆರಳು. ಇದು ಇಂಗ್ಲೆಂಡಿನ ಹಳ್ಳಿಗಾಡಿನ ಸ್ಟೇಷನ್ನಿನ ಏರ್ಪಾಟು. ಆದರೆ ಗೋಡೆಗೆ ಬೇಕಾದ ಕಲ್ಲು ಹೊರಗಿನಿಂದ ಬರಬೇಕಿರಲಿಲ್ಲ. ಈ ಹಳಿ ಹಾದುಹೋಗುವುದೇ ಬಂಡೆಗಳ ಸೀಮೆಯಲ್ಲಿ. ಯಲಹಂಕ ದಾಟಿದೊಡನೆ ಸಿಗುವ ಬೆಟ್ಟಹಲಸೂರು ಕಲ್ಲುಗಣಿಗೆ ಹೆಸರಾದ ಊರು. ದೇವನಹಳ್ಳಿ ತಾಲ್ಲೂಕಿನ ಕೊಯಿರಾ ಕಲ್ಲನ್ನು ಶಿಲ್ಪಿಗಳು ಈಗಲೂ ಹುಡುಕಿಕೊಂಡು ಹೋಗುತ್ತಾರೆ. ನಂದಿ ಗ್ರಾಮದ ಭೋಗನಂದೀಶ್ವರ ದೇವಾಲಯ ಸಾವಿರ ವರ್ಷಕ್ಕೂ ಹಳೆಯದು. ಅಂದರೆ ಈ ಬೆಟ್ಟದ ಬುಡದಲ್ಲಿ ಉಳಿ ಸುತ್ತಿಗೆಯ ಸದ್ದು ಕೇಳಲು ಶುರುವಾಗಿ ಅಷ್ಟು ಕಾಲವಾಗಿದೆ.

ಬೆಂಗಳೂರು ಸೀಮೆಯ ಕಲ್ಲುಕುಟಿಗರು ಚಪ್ಪಡಿ ಎಬ್ಬಿಸುತ್ತಿದ್ದ ಕ್ರಮವನ್ನು ತಿಳಿದರೆ ಯಾರಿಗಾದರೂ ಗೌರವ ಹುಟ್ಟುತ್ತದೆ. ಬಯಲಿನಲ್ಲಿ ಚಾಚಿದ ಬಂಡೆಯ ಮೇಲೆ ಸೌದೆ ಹರಡಿ ಸಣ್ಣಗೆ ಬೆಂಕಿ ಹಾಕುತ್ತಾರೆ. ಬೆಂಕಿಯನ್ನು ಒಂದೇ ಕಡೆ ನಿಲ್ಲಿಸದೆ ಅಂಗುಲ ಅಂಗುಲವಾಗಿ ಮುಂದಕ್ಕೆ ತಳ್ಳುತ್ತಾರೆ. ಕಾದ ಮೇಲ್ಪದರ ಹಿಗ್ಗಿ, ಕೆಳಗಿನ ತಣ್ಣನೆಯ ಬಂಡೆಯಿಂದ ಬಿಟ್ಟುಕೊಳ್ಳುತ್ತದೆ. ಎಲ್ಲಿಯವರೆಗೆ ಬಿಟ್ಟಿದೆ ಎಂದು ತಿಳಿಯುವುದು ಸುತ್ತಿಗೆಯಿಂದ ತಟ್ಟಿ: ಬಿಟ್ಟ ಕಡೆ ಟೊಳ್ಳು ಸದ್ದು, ಬಿಡದ ಕಡೆ ಗಟ್ಟಿ ಸದ್ದು. ಆಮೇಲೆ ಸಾಲಾಗಿ ಉಳಿ ಹೊಡೆದು, ಬೆಣೆ ಇಟ್ಟು, ಬೇಕಾದ ಅಗಲಕ್ಕೆ ಸೀಳುತ್ತಾರೆ. ಸಿಡಿಮದ್ದು ಬೇಕಿಲ್ಲ. ನಮ್ಮ ಹಳ್ಳಿಗಳ ಕಲ್ಲುಕಂಬದ ಬೇಲಿ, ಮನೆಮುಂದಿನ ಜಗಲಿಚಪ್ಪಡಿ, ಚರಂಡಿಯ ಮುಚ್ಚಳ ಎಲ್ಲ ಹೀಗೆ ಎದ್ದು ಬಂದದ್ದು. ರೈಲ್ವೆ ಗುತ್ತಿಗೆದಾರನಿಗೂ ಸಿಕ್ಕಿದ್ದು ಇದೇ ಕೈಗಳು.

ಕಲ್ಲನ್ನು ಹಿಡಿದದ್ದು ಗಾರೆ. ಸುಣ್ಣವನ್ನು ನೀರಿನಲ್ಲಿ ಅರಳಿಸಿ, ತೊಟ್ಟಿಯಲ್ಲಿ ಕೊಳೆಹಾಕಿ, ಮರಳು ಸೇರಿಸಿ, ಎತ್ತು ಕಟ್ಟಿದ ಗಾರೆಗಾಣದಲ್ಲಿ ಅರೆಯುವುದು ಆ ಕಾಲದ ಪದ್ಧತಿ. ಹದಕ್ಕೆ ಬೆಲ್ಲದ ನೀರನ್ನೋ ಅಳಲೆಕಾಯಿ ನೆನೆಸಿದ ನೀರನ್ನೋ ಹಾಕುತ್ತಿದ್ದರು. ಗಾರೆಯ ಗುಣ ಸಿಮೆಂಟಿನ ಹಾಗಲ್ಲ. ಅದು ನಿಧಾನವಾಗಿ ಗಟ್ಟಿಯಾಗುತ್ತದೆ, ಗಾಳಿಯಾಡಲು ಬಿಡುತ್ತದೆ. ಮಳೆಗಾಲದಲ್ಲಿ ಗೋಡೆ ಹೀರಿದ ನೀರು ಬೇಸಗೆಯಲ್ಲಿ ಸಂದಿಯಿಂದಲೇ ಆರಿಹೋಗುತ್ತದೆ. ಇದನ್ನು ಅರಿಯದೆ ಹಳೇ ಕಟ್ಟಡ ಗಟ್ಟಿಯಾಗಲಿ ಎಂದು ಸಂದಿಗಳಿಗೆ ಸಿಮೆಂಟು ಮೆತ್ತಿ, ಮೇಲೆ ಎಣ್ಣೆಬಣ್ಣ ಬಳಿದರೆ ನೀರಿಗೆ ಹೊರದಾರಿ ತಪ್ಪುತ್ತದೆ. ಆಗ ಅದು ಕಲ್ಲಿನ ಒಳಗೇ ಉಳಿದು, ಉಪ್ಪು ಹೂವಾಗಿ ಏಳುತ್ತದೆ, ಗೋಡೆ ಹೊಪ್ಪಳೆ ಕಿತ್ತುಕೊಳ್ಳುತ್ತದೆ. ನಾಡಿನ ಅದೆಷ್ಟೋ ದೇವಸ್ಥಾನ, ಛತ್ರ, ಶಾಲೆಗಳು ಹಾಳಾದದ್ದು ಅಲಕ್ಷ್ಯದಿಂದಲ್ಲ, ಇಂಥ ಉಪಚಾರದಿಂದ.

ಇನ್ನು ಸೂರು. ಮಂಗಳೂರು ಹೆಂಚನ್ನು ನಾವು ಅಪ್ಪಟ ನಮ್ಮದೆಂದು ತಿಳಿದಿದ್ದೇವೆ. ಆದರೆ ಒಂದಕ್ಕೊಂದು ಕಚ್ಚಿಕೊಳ್ಳುವ ಈ ಚಪ್ಪಟೆ ಹೆಂಚಿನ ಮಾದರಿ ಯುರೋಪಿನದು. ಬಾಸೆಲ್ ಮಿಷನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಹಾಕಿ, ನೇತ್ರಾವತಿ ದಂಡೆಯ ಜೇಡಿಯಲ್ಲಿ ಅದನ್ನು ಒತ್ತಿ ಸುಟ್ಟರು. ಜರ್ಮನ್ ಯಂತ್ರ, ತುಳುನಾಡಿನ ಮಣ್ಣು, ಅಲ್ಲಿನ ಕೆಲಸಗಾರರು. ಹೆಂಚಿನ ಒಂದು ಅಂಚಿನಲ್ಲಿ ಕಾಲುವೆ, ಇನ್ನೊಂದು ಅಂಚಿನಲ್ಲಿ ಅದಕ್ಕೆ ಕೂರುವ ತುಟಿ. ಕೆಳಮೈಯಲ್ಲಿ ರೀಪಿಗೆ ಸಿಕ್ಕಿಸುವ ಮೊಳಕೆ. ಮೊಳೆ ಬೇಡ, ಗಾರೆ ಬೇಡ. ಒಂದು ಒಡೆದರೆ ಪಕ್ಕದ್ದನ್ನು ಎತ್ತಿ ಹೊಸದನ್ನು ತೂರಿಸಿದರಾಯಿತು. ಹಳೇ ಹೆಂಚನ್ನು ಮಗುಚಿದರೆ ಕಾರ್ಖಾನೆಯ ಮುದ್ರೆ ಕಾಣುತ್ತದೆ. ಒಂದು ಸೂರಿನಲ್ಲೇ ನಾಲ್ಕಾರು ಮುದ್ರೆ ಸಿಕ್ಕಿದರೆ ಎಷ್ಟು ಸಲ ರಿಪೇರಿಯಾಗಿದೆ ಎಂದು ಅಂದಾಜು ಕಟ್ಟಬಹುದು. ನಾಡಹೆಂಚಿಗೆ ಹೋಲಿಸಿದರೆ ಇದು ಹಗುರ, ಹಾಗಾಗಿ ತೊಲೆ ಜಂತಿಗೆ ಕಡಿಮೆ ಮರ ಸಾಕು. ಖರ್ಚಿನಲ್ಲಿ ಕೈಬಿಗಿ ಹಿಡಿಯಬೇಕಾಗಿದ್ದ ಲೈಟ್ ರೈಲ್ವೆಗೆ ಇದಕ್ಕಿಂತ ಒಳ್ಳೆಯ ಸೂರು ಸಿಕ್ಕುತ್ತಿರಲಿಲ್ಲ.

ಹೀಗೆ ಇಂಗ್ಲೆಂಡಿನ ನಕ್ಷೆ, ನಂದಿ ಸೀಮೆಯ ಕಲ್ಲು, ನಾಟಿ ಗಾರೆ, ಕರಾವಳಿಯಲ್ಲಿ ಸುಟ್ಟ ಯುರೋಪಿನ ಹೆಂಚು ಒಂದೇ ಕಟ್ಟಡದಲ್ಲಿ ಕೂಡಿದವು. ಇಜುಮೊದ ಬಡಗಿಗಳು ದೇಗುಲದ ಸೂರಿನಡಿ ಟಿಕೆಟ್ ಕಟ್ಟೆ ಇಟ್ಟದ್ದಕ್ಕೂ ಇದಕ್ಕೂ ನನಗೆ ಹತ್ತಿರದ ನಂಟು ಕಾಣುತ್ತದೆ. ಎರಡು ಕಡೆಯೂ ಹೊಸ ಯಂತ್ರವನ್ನು ಊರಿನವರು ತಮಗೆ ಗೊತ್ತಿದ್ದ ಕೈಕೆಲಸದ ಮೂಲಕವೇ ಬರಮಾಡಿಕೊಂಡರು.

ಮುಂದಿನ ಚರಿತ್ರೆ ಚಿಕ್ಕದು. 1951ರಲ್ಲಿ ಮೈಸೂರು ರಾಜ್ಯದ ರೈಲ್ವೆ ದಕ್ಷಿಣ ರೈಲ್ವೆಯಲ್ಲಿ ಸೇರಿತು. 2003ರಲ್ಲಿ ಹುಬ್ಬಳ್ಳಿ ಕೇಂದ್ರವಾಗಿ ನೈರುತ್ಯ ರೈಲ್ವೆ ಹುಟ್ಟಿದ ಮೇಲೆ ಈ ಹಾದಿ ಅದರ ಪಾಲಾಯಿತು. ಬಸ್ಸುಗಳು ಹೆಚ್ಚಿದಂತೆ ಕಿರುಹಳಿಗೆ ಗಿರಾಕಿ ತಗ್ಗಿತು. ಯಲಹಂಕ–ಚಿಕ್ಕಬಳ್ಳಾಪುರ ಭಾಗ ಮೊದಲು ಬ್ರಾಡ್‌ಗೇಜ್ ಆಯಿತು, ಚಿಕ್ಕಬಳ್ಳಾಪುರ–ಕೋಲಾರ ಭಾಗ 2013ರಲ್ಲಿ. ಹಳಿ ಅಗಲವಾದರೂ ಗಾಡಿಗಳು ಹೆಚ್ಚಲಿಲ್ಲ. ಹಳೇ ಕಟ್ಟಡಗಳು ಉಳಿದದ್ದು ಇದರಿಂದಲೇ ಎಂಬುದು ನನ್ನ ಅಂದಾಜು. ಜನ ಕಿಕ್ಕಿರಿಯುವ ಸ್ಟೇಷನ್ನಾಗಿದ್ದರೆ ಎಂದೋ ಕೆಡವಿ ಕಾಂಕ್ರೀಟು ಹಾಕಿರುತ್ತಿದ್ದರು. ಉಳಿದವು ನಿಜ, ಆದರೆ ಬೀಗ ಹಾಕಿಕೊಂಡು, ಹೆಂಚು ಜಾರಿ, ಗೋಡೆಯ ಸಂದಿಯಲ್ಲಿ ಅರಳಿ ಸಸಿ ಬೇರುಬಿಟ್ಟು ಉಳಿದವು.

ಈಚಿನ ವರ್ಷಗಳಲ್ಲಿ, ಪರಂಪರೆಯ ಸಂರಕ್ಷಣೆಗೆ ದುಡಿಯುವ ಇಂಟ್ಯಾಕ್ ಸಂಸ್ಥೆಯ ಬೆಂಗಳೂರು ಘಟಕ ನೈರುತ್ಯ ರೈಲ್ವೆಯ ಜೊತೆ ಸೇರಿ ಈ ಸ್ಟೇಷನ್‌ಗಳ ಜೀರ್ಣೋದ್ಧಾರಕ್ಕೆ ಕೈಹಾಕಿತು. ಕೆಲಸವನ್ನು ಸುಣ್ಣದ ಗಾರೆ, ಮಂಗಳೂರು ಹೆಂಚುಗಳಿಂದಲೇ ಮಾಡಿದ್ದು ನನಗೆ ಅತ್ಯಂತ ಸಂತೋಷದ ಸಂಗತಿ. ಹಳೆಯ ಕಟ್ಟಡಕ್ಕೆ ಸುಣ್ಣಬಣ್ಣ ಹೊಡೆದು ಉದ್ಘಾಟನೆ ಮಾಡುವುದು ಸುಲಭ. ಗಾರೆಯ ಹದ ಬಲ್ಲವರನ್ನು ಹುಡುಕಿ ತಂದು, ಅದು ಆರಲು ಬೇಕಾದಷ್ಟು ದಿನ ಕಾಯುವುದಕ್ಕೆ ಬೇರೆಯೇ ತಾಳ್ಮೆ ಬೇಕು.

ನಮ್ಮ ಕಡೆಯಿಂದ ನೋಡಿಬರಬೇಕೆನ್ನುವವರಿಗೆ ದಾರಿ ಸುಲಭ. ಜಯಪ್ರಕಾಶ ನಗರದಲ್ಲಿ ಹಸಿರು ಮಾರ್ಗದ ಮೆಟ್ರೊ ಹತ್ತಿ ಮೆಜೆಸ್ಟಿಕ್‌ನಲ್ಲೋ ಯಶವಂತಪುರದಲ್ಲೋ ಇಳಿದು ಚಿಕ್ಕಬಳ್ಳಾಪುರದ ಗಾಡಿ ಹಿಡಿಯುವುದು. ಗಾಡಿಗಳು ಕಡಿಮೆ, ಹೊತ್ತು ವಿಚಾರಿಸಿಕೊಂಡೇ ಹೊರಡಬೇಕು. ಯಲಹಂಕ, ಬೆಟ್ಟಹಲಸೂರು, ದೊಡ್ಡಜಾಲ. ಆಮೇಲೆ 2021ರಲ್ಲಿ ತೆರೆದ ವಿಮಾನ ನಿಲ್ದಾಣದ ಹಾಲ್ಟ್. ಅಲ್ಲಿಂದ ದೇವನಹಳ್ಳಿ, ಆವತಿಹಳ್ಳಿ, ವೆಂಕಟಗಿರಿಕೋಟೆ, ನಂದಿ. ಎಡಗಡೆ ಬೆಟ್ಟದ ಸಾಲು ಹತ್ತಿರವಾಗುತ್ತ ಬರುತ್ತದೆ. 1927ರಲ್ಲಿ ಗಾಂಧೀಜಿ ಕಾಯಿಲೆಯಿಂದ ಚೇತರಿಸಿಕೊಳ್ಳಲು ತಂಗಿದ್ದು ಆ ಬೆಟ್ಟದ ಮೇಲೆಯೇ.

ಈ ಸಂಚಿಕೆಯ ಓದುಗರಿಗೆ ಉಸ್ತುವಾರಿಯ ಬೆಲೆಯನ್ನು ನಾನು ಹೇಳಿಕೊಡಬೇಕಾಗಿಲ್ಲ. ನಮ್ಮ ಪುಟ್ಟೇನಹಳ್ಳಿ ಕೆರೆ ಒಣಗಿ ಕಸದ ಗುಂಡಿಯಾಗುತ್ತಿದ್ದಾಗ ಇಲ್ಲಿನ ನಿವಾಸಿಗಳೇ 2010ರಲ್ಲಿ ಟ್ರಸ್ಟ್ ಕಟ್ಟಿಕೊಂಡು ಅದನ್ನು ಎತ್ತಿ ನಿಲ್ಲಿಸಿದರು. ನೀರು ತುಂಬಿದ ದಿನಕ್ಕೆ ಕೆಲಸ ಮುಗಿಯಲಿಲ್ಲ. ಜೊಂಡು ತೆಗೆಯುವುದು, ಕೊಳಚೆ ನುಗ್ಗದಂತೆ ಕಾಯುವುದು, ಮುಂಗಾರಿಗೆ ಮುಂಚೆ ಕಾಲುವೆ ನೋಡುವುದು ಪ್ರತಿ ವರ್ಷದ ಪಾಡು. ಹೆಂಚಿನ ಕಟ್ಟಡಕ್ಕೂ ಅಷ್ಟೇ. ಮಳೆಗೆ ಮೊದಲು ಸೂರಿಗೆ ಹತ್ತಿ ಒಡೆದ ಹೆಂಚು ಬದಲಿಸುವ ಒಬ್ಬ ಮನುಷ್ಯ ಬೇಕು, ಅವನಿಗೆ ಸಂಬಳ ಬೇಕು, ಸ್ಟೇಷನ್ನಿನ ಬಾಗಿಲು ತೆರೆದಿರಬೇಕು. ಹಾಗಾಗಿ ಇವು ಬರೀ ವಸ್ತುಸಂಗ್ರಹಾಲಯವೋ ಕಾಫಿ ಅಂಗಡಿಯೋ ಆಗುವುದಕ್ಕಿಂತ ಸ್ಟೇಷನ್‌ಗಳಾಗಿಯೇ ಇರಬೇಕೆಂಬುದು ನನ್ನ ಹಟ. ಕಾಫಿ ಸಿಗಲಿ, ಫೋಟೊಗಳನ್ನು ತೂಗುಹಾಕಲಿ, ಅದರ ಜೊತೆಗೆ ಟಿಕೆಟ್ಟೂ ಅದೇ ಕಿಟಕಿಯಲ್ಲಿ ಸಿಗಲಿ.

ಹೀಗೆನ್ನಲು ಇದೇ ತಕ್ಕ ಸಮಯ. 2020ರಲ್ಲಿ ಮಂಜೂರಾದ ಬೆಂಗಳೂರು ಉಪನಗರ ರೈಲು ಯೋಜನೆ ಒಟ್ಟು ನಾಲ್ಕು ಮಾರ್ಗ, 148 ಕಿಲೋಮೀಟರಿನದು. ಅದರಲ್ಲಿ ‘ಸಂಪಿಗೆ’ ಎಂಬ ಮಾರ್ಗ ಮೆಜೆಸ್ಟಿಕ್ಕಿನಿಂದ ದೇವನಹಳ್ಳಿಗೆ ಹೋಗಬೇಕಾದ್ದು. ವಿಮಾನ ನಿಲ್ದಾಣದ ಸುತ್ತ ಊರು ಬೆಳೆಯುತ್ತಿರುವ ವೇಗ ನೋಡಿದರೆ ಈ ಹಾದಿಯಲ್ಲಿ ಗಾಡಿಗಳು ಹೆಚ್ಚುವುದು ಖಂಡಿತ, ಹೆಚ್ಚಲೇಬೇಕು. ಇಷ್ಟು ದಿನ ಜನರಿಲ್ಲದ್ದೇ ಈ ಕಟ್ಟಡಗಳನ್ನು ಕಾದಿತ್ತು. ಇನ್ನು ಮುಂದೆ ಆ ಕಾವಲು ಇರುವುದಿಲ್ಲ. ಹೊಸ ಪ್ಲಾಟ್‌ಫಾರ್ಮಿಗೆ, ಮೇಲ್ಸೇತುವೆಗೆ, ವಾಹನ ನಿಲುಗಡೆಗೆ ಜಾಗ ಬೇಕೆಂದಾಗ ನಕ್ಷೆಯಲ್ಲಿ ಅಡ್ಡ ಬರುವುದು ಮೊದಲು ಹಳೇ ಕಟ್ಟಡವೇ.

ನಾರಾದಲ್ಲಿ ಇದೇ ಸಂಕಟ ಬಂದಿತ್ತು. ಹಳಿಯನ್ನು ಮೇಲಕ್ಕೆತ್ತುವ ಯೋಜನೆಗೆ 1934ರ ನಿಲ್ದಾಣ ಅಡ್ಡವಾಗಿ, ಕೆಡವುವ ಮಾತು ನಡೆಯಿತು. ಊರಿನವರು ಬಿಡಲಿಲ್ಲ. 2004ರಲ್ಲಿ ಎಂಜಿನಿಯರುಗಳು ಆ ಕಾಂಕ್ರೀಟು ಕಟ್ಟಡವನ್ನು ಇಡಿಯಾಗಿ ಸುಮಾರು 18 ಮೀಟರ್ ಪಕ್ಕಕ್ಕೆ ಸರಿಸಿ ಕೂರಿಸಿದರು. ಈಗ ಅದು ಪ್ರವಾಸಿಗಳ ಮಾಹಿತಿ ಕೇಂದ್ರ. ದೊಡ್ಡಜಾಲದ್ದೋ ದೇವನಹಳ್ಳಿಯದೋ ಅಷ್ಟು ಕಷ್ಟದ ಕಟ್ಟಡವಲ್ಲ. ಗಾರೆ ಗೋಡೆಯ ಕಲ್ಲನ್ನು ಬಿಡಿಸಬಹುದು, ಒಂದೊಂದಕ್ಕೂ ಅಂಕಿ ಬರೆದು ಅದೇ ಸಾಲಿನಲ್ಲಿ ಮತ್ತೆ ಕೂರಿಸಬಹುದು. ಹೆಂಚನ್ನಂತೂ ಕೈಯಲ್ಲೇ ಇಳಿಸಬಹುದು. ಆದರೆ ಸರಿಸುವ ಪ್ರಸಂಗವೇ ಬಾರದಂತೆ, ಹೊಸ ನಿಲ್ದಾಣದ ನಕ್ಷೆ ಬರೆಯಲು ಕೂರುವಾಗಲೇ ಹಳೇ ಕಟ್ಟಡದ ಅಳತೆಯನ್ನು ಅದರಲ್ಲಿ ಮೊದಲು ಗುರುತು ಹಾಕಬೇಕು. ಟೆಂಡರ್ ಕರೆಯುವ ಮುನ್ನ ಈ ಷರತ್ತನ್ನು ಬರೆಸಬೇಕೆಂದು ದೇವನಹಳ್ಳಿ, ಚಿಕ್ಕಬಳ್ಳಾಪುರದವರ ಜೊತೆಗೆ ನಗರದ ಈ ತುದಿಯಲ್ಲಿರುವ ನಾವೂ ರೈಲ್ವೆಗೆ ಬರೆದು ಕೇಳಬೇಕು.